ದೇವಲಾಪುರದ ಬೋಲ್ಟು ಪರೀಕ್ಷೆ

ಕಾಂಕ್ರೀಟಿನಲ್ಲಿ ನೆಟ್ಟ ಉಕ್ಕಿನ ಬೋಲ್ಟು ಎಷ್ಟು ಅಡ್ಡ ಎಳೆತವನ್ನು ತಡೆಯುತ್ತದೆ ಎಂಬುದು ಅದು ತುಂಡಾದ ಮೇಲಷ್ಟೇ ಖಚಿತವಾಗುತ್ತದೆ. ಆದಕಾರಣ ತುಂಡಾಗದ ಬೋಲ್ಟನ್ನು ನಂಬತಕ್ಕದ್ದಲ್ಲ ಎಂಬುದು ಯಂತ್ರಬುನಾದಿ ಪರಿಶೀಲನಾ ಇಲಾಖೆಯ ನಿಯಮ.

೧೯೬೮ರಲ್ಲಿ ದೇವಲಾಪುರದ ದ್ಯಾವಮ್ಮ ಇದ್ದ ಎಮ್ಮೆಗಳನ್ನೆಲ್ಲ ಮಾರಿ ಹಿಟ್ಟಿನ ಮಿಲ್ಲು ತಂದಳು. ಮಿಲ್ಲು ಓಡದಿದ್ದರೆ ಅವಳಿಗೆ ಇತ್ತ ಹಿಟ್ಟೂ ಇಲ್ಲ, ಅತ್ತ ಹಾಲೂ ಇಲ್ಲ. ಇಲಾಖೆಯ ಪರಿವೀಕ್ಷಕರಾದ ಅಂದಾನಯ್ಯನವರು ಪಾಂಡವಪುರದಿಂದ ಬಾಡಿಗೆ ಟ್ರಾಕ್ಟರಿನಲ್ಲಿ ಬಂದು, ಬುನಾದಿಯ ನಾಲ್ಕು ಬೋಲ್ಟಿಗೂ ಒಂದೊಂದಾಗಿ ಸರಪಳಿ ಬಿಗಿಸಿ ಪಕ್ಕಕ್ಕೆ ಎಳೆಸಿದರು. ನಾಲ್ಕೂ ಲಟಕ್ಕನೆ ತುಂಡಾದವು.

“ಭೇಷ್! ನಾಲ್ಕೂ ಪಾಸು.”

“ಮುರ್ದೋದ್ವಲ್ಲ ಸ್ವಾಮಿ!”

“ಸುಮ್ಮನೆ ಮುರಿಯಲಿಲ್ಲಮ್ಮ. ಟ್ರಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಮುರಿದವು. ಇವುಗಳ ಮೇಲೆ ಧಾರಾಳವಾಗಿ ಯಂತ್ರ ಕೂರಿಸಿ.”

“ಯಾವುದ್ರ ಮ್ಯಾಲೆ?”

“ಪಾಸಾದ ಬೋಲ್ಟುಗಳ ಮೇಲೆ,” ಎಂದು ಅಂದಾನಯ್ಯನವರು ತುಂಡುಗಳನ್ನು ಗೋಣಿಚೀಲಕ್ಕೆ ಹಾಕಿಸಿಕೊಂಡು, ಸರ್ಕಾರಿ ಸಾಕ್ಷ್ಯವೆಂದು ಒಯ್ದರು.

ದ್ಯಾವಮ್ಮ ಹೊಸ ಬೋಲ್ಟು ನೆಡಿಸಿದಳು. ಅವು ಪರೀಕ್ಷೆಯಾಗದವು. ಟ್ರಾಕ್ಟರು ಮತ್ತೆ ಬಂತು. ಅವೂ ಪಾಸಾದವು.

“ದ್ಯಾವಕ್ಕ, ಮುಂದಿನ್ ಸಲ ಸಣ್ಣವು ಆಕ್ಸು. ಬ್ಯಾಗ ಮುರೀತವೆ, ಊಟದೊತ್ಗೆ ಮನೆ ಸೇರ್ಕಬೌದು,” ಎಂದ ಟ್ರಾಕ್ಟರಿನ ಶಿವಣ್ಣ.

“ನಿನ್ ಟ್ರಾಕ್ಟರ್ ಹೊಟ್ಟೆ ಸೇದೋಗ. ತೋರುಸ್ತೀನಿ ತಡಿ ಕಣ್ಲಾ!”

ಮೂರನೆಯ ಸಲ ಅವಳು ಹೆಬ್ಬೆರಳಿಗಿಂತ ದಪ್ಪದ ಬೋಲ್ಟು ನೆಡಿಸಿದಳು. ಈ ಬಾರಿ ಸರಪಳಿ ತುಂಡಾಯಿತು. ಬೋಲ್ಟು ಅಲುಗಲಿಲ್ಲ.

“ಫೇಲು,” ಎಂದು ಅಂದಾನಯ್ಯನವರು ವಿಷಾದದಿಂದ ಬರೆದುಕೊಂಡರು. “ತಮ್ಮ ಶಕ್ತಿಯನ್ನು ತಿಳಿಸಲು ನಿರಾಕರಿಸಿವೆ.”

ದ್ಯಾವಮ್ಮ ಸೆರಗು ಬಿಗಿದು ಬುನಾದಿಯ ಮೇಲೇ ಕೂತಳು. “ಮುರಿಯಾಗಂಟ ಪಕ್ಕುಕ್ ಎಳೀಬೇಕು, ಅಷ್ಟೇ ತಾನೆ? ಇದ್ರ ಮ್ಯಾಲೆ ಮಿಲ್ಲು ಕೂರ್ಸುದ್ರೆ ಎಂಜಿನ್ನಿನ ಬೆಲ್ಟು ದಿನಾ ಅದ್ನ ಪಕ್ಕುಕ್ಕೇ ಎಳೀತದೆ. ಅದ್ರಲ್ಲೇ ಎಳುಸ್ತೀನಿ. ಮುರ್ದ ದಿವ್ಸ ಏಳಿ ಕಳುಸ್ತೀನಿ, ಬಂದು ಪಾಸ್ ಮಾಡೋಗಿ.”

ಎಳೆಯುವುದು ಟ್ರಾಕ್ಟರೇ ಆಗಿರಬೇಕೆಂದು ನಿಯಮದಲ್ಲಿ ಇರಲಿಲ್ಲ. ಇಲಾಖೆ ಆಜ್ಞೆ ಹೊರಡಿಸಿತು:

‘ಬೋಲ್ಟು ಮುರಿಯುವವರೆಗೆ ಪರೀಕ್ಷೆ ಮುಂದುವರಿಯತಕ್ಕದ್ದು. ಬರಿದೇ ತಿರುಗಿದರೆ ಎಳೆತ ಸಾಲದಾದ್ದರಿಂದ ಯಂತ್ರಕ್ಕೆ ರಾಗಿ ಸುರಿಯತಕ್ಕದ್ದು. ಉದುರುವ ಪುಡಿಯನ್ನು ಪರೀಕ್ಷೆಯ ಕಸವೆಂದು ಭಾವಿಸಿ, ರಾಗಿ ತಂದವರೇ ತೆರವುಗೊಳಿಸತಕ್ಕದ್ದು. ಕಸದ ಒಂದು ಪಾಲು ಮಾದರಿಗಾಗಿ ಪರಿವೀಕ್ಷಕರ ಮನೆಗೆ ತಲುಪತಕ್ಕದ್ದು.’

ವರ್ಷ ಎರಡಾದರೂ ಪರೀಕ್ಷೆ ತೃಪ್ತಿಕರವಾಗಿ ನಡೆಯುತ್ತಿದೆ. ಅದರ ಉಸ್ತುವಾರಿಗೆಂದೇ ಅಂದಾನಯ್ಯನವರಿಗೆ ಬಡ್ತಿಯಾಗಿದೆ. ಸುತ್ತಲ ಹಳ್ಳಿಯವರು ಬೆಳಗಾದರೆ ಚೀಲ ಹೊತ್ತು ಸಾಲುಗಟ್ಟುತ್ತಾರೆ. ಮೊನ್ನೆ ಪಕ್ಕದ ಬೀದಿಯ ಮೂಗಮ್ಮ ತನ್ನ ಸರದಿ ಬಂದಾಗ ದ್ಯಾವಮ್ಮನನ್ನು ತರಾಟೆಗೆ ತೆಗೆದುಕೊಂಡಳು:

“ಅಕ್ಕಯ್ಯ, ಓದ್ಸಲದ್ ಪರೀಕ್ಷೆ ಬಲೇ ತರಿ ತರಿ. ಮುದ್ದೆಯೆಲ್ಲ ಗಂಟು. ಈಸಲನಾದ್ರೂ ವಸಿ ನುಣ್ಗೆ ಪರೀಕ್ಷೆ ಮಾಡ್ಕೊಡವ್ವ.”