ಎರಡು ದಿಂಬಿನ ಕವರು, ಒಂದು ಸಮುದ್ರ

ಈ ಸಲ ಯಾರ ಬ್ಯಾಗಿಗೂ ನನ್ನ ಕಿರುಬೆರಳು ಕೂಡ ಸೋಕುವುದಿಲ್ಲ ಎಂದು ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ. ಘೋಷಣೆ ಎಂದರೆ ಸುಮ್ಮನೆ ಅಲ್ಲ, ಸೌಟನ್ನು ರಾಜದಂಡದ ಹಾಗೆ ಎತ್ತಿ ಹಿಡಿದು!

"ಕೇಳಿಸ್ಕೊಳ್ಳಿ ಎಲ್ರೂ. ದ್ವೀಪಕ್ಕೆ ಹೋಗ್ತಿರೋದು ನಾಲ್ಕು ಜನ. ಎಂಟು ಕೈ ಇದೆ. ಅವರವರ ಬ್ಯಾಗು ಅವರವರೇ ತುಂಬ್ಕೋಬೇಕು. ನಮ್ಮ ಗೋದಾಮಿನ ನಿಯಮ ಗೊತ್ತಲ್ಲ? ಒಮ್ಮೆ ಗೇಟು ದಾಟಿದ ಮಾಲು ವಾಪಸ್ ತಗೊಳ್ಳೋದಿಲ್ಲ. ಅಲ್ಲಿ ಹೋದ ಮೇಲೆ ಅದಿಲ್ಲ ಇದಿಲ್ಲ ಅಂತ ನನ್ನ ಮುಂದೆ ನಿಂತ್ಕೋಬೇಡಿ!"

ಗಾಜಿನ ಸಾಮಾನಿನ ಗೋದಾಮಿನಲ್ಲಿ ನಾನು ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ನಾನು ಸುತ್ತಿಸಿದ ಹೂದಾನಿ ಕ್ರೇನಿನಿಂದ ಜಾರಿ ಬಂದರಿನ ಕಟ್ಟೆಗೆ ಬಿದ್ದರೆ ಕಟ್ಟೆ ಬಿರುಕು ಬಿಡಬೇಕೇ ಹೊರತು ಹೂದಾನಿಯಲ್ಲ! ಈ ಕೆಲಸಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ, 'ಮೇಡಂ' ಎನ್ನುತ್ತಾರೆ. ಮನೆಯಲ್ಲಿ ಅದೇ ಕೆಲಸ ಮಾಡಿದರೆ ಸಿಗುವುದು ಒಂದೇ ಸಾಲು: "ನನ್ನ ಕಾಲುಚೀಲ ಎಲ್ಲಿ ತುರುಕಿದ್ದೀಯ?"

"ಆಯ್ತಮ್ಮ," ಎಂದರು ನನ್ನ ಗಂಡ, ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಬಹಳ ಉದಾರವಾಗಿ. "ನಾಲ್ಕು ಅಂಗಿ ಮಡಚೋದು ಏನು ಬ್ರಹ್ಮವಿದ್ಯೆಯಾ?"

"ಅಮ್ಮ ಬಾಗಿಲು ದಾಟೋ ಮುಂಚೆ ಸೋಲ್ತಾಳೆ," ಎಂದಳು ಮಗಳು. ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ಏನೇ ನಡೆದರೂ ಅವಳಿಗದು ಆಟದ ಪಂದ್ಯ.

ಅತ್ತೆ ಮಾತ್ರ "ಹ್ಞೂಂ" ಎಂದರು. ಅಷ್ಟೇ.

ಆ "ಹ್ಞೂಂ" ಬಗ್ಗೆ ಹೇಳಲೇಬೇಕು. ಅತ್ತೆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಿಯಾದವರು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿದ್ದರೆ ಕಣ್ಣಲ್ಲೇ ಇಂಜೆಕ್ಷನ್ ಕೊಡುತ್ತಾರೆ. ಟಿ.ವಿ.ಯಲ್ಲಿ ಈಜಿನ ಸ್ಪರ್ಧೆ ಬಂದಾಗಲೆಲ್ಲ, ಈಜುಡುಗೆ ತೊಟ್ಟ ಹುಡುಗಿಯರು ಸಾಲಾಗಿ ನೀರಿಗೆ ಧುಮುಕುವುದನ್ನು ಕಣ್ಣು ಮಿಟುಕಿಸದೆ ನೋಡಿ, ಉದ್ದಕ್ಕೆ ಉಸಿರು ಬಿಟ್ಟು "ಹ್ಞೂಂ" ಎನ್ನುತ್ತಿದ್ದರು. ನಾನು ರಿಮೋಟ್ ಹುಡುಕಿ ಚಾನೆಲ್ ಬದಲಾಯಿಸಿಬಿಡುತ್ತಿದ್ದೆ. ಇಂಥವರ ಎದುರಿಗೆ ನನ್ನ ಗುಟ್ಟನ್ನು ಹೇಗೆ ಬಿಚ್ಚಲಿ?

ಗುಟ್ಟು ಇಷ್ಟೇ: ನಾನು ಈಜು ಕಲಿತಿದ್ದೆ! ಗೋದಾಮಿನ ಹಿಂದಿನ ಬೀದಿಯ ಈಜುಕೊಳದಲ್ಲಿ, ಸಂಜೆ ಹೆಂಗಸರ ಸಮಯದಲ್ಲಿ, ಮೂಗಿಗೂ ಕಿವಿಗೂ ನೀರು ತುಂಬಿಕೊಂಡು, ಆ ನೀರು ಸಮುದ್ರವೆಂದು ಕಲ್ಪಿಸಿಕೊಂಡು ಕಲಿತಿದ್ದೆ. ಮನೆಯಲ್ಲಿ ಮಾತ್ರ "ಸ್ಟಾಕ್ ಲೆಕ್ಕ ಇತ್ತು" ಎನ್ನುತ್ತಿದ್ದೆ. ಒಂದು ಸಲ ಅತ್ತೆ ನನ್ನ ತಲೆ ನೋಡಿ, "ಸ್ಟಾಕ್ ಲೆಕ್ಕ ಮಾಡಿದರೆ ಕೂದಲು ಒದ್ದೆ ಆಗುತ್ತಾ?" ಎಂದಿದ್ದರು. "ಬೆವರು ಅತ್ತೆ!" ಎಂದು ಬಚ್ಚಲಿಗೆ ಓಡಿದ್ದೆ. ಈ ದ್ವೀಪದಲ್ಲಿ ಒಮ್ಮೆ, ಒಂದೇ ಒಂದು ಸಲ, ನಿಜವಾದ ಸಮುದ್ರಕ್ಕೆ ಇಳಿಯಬೇಕು. ಟವೆಲ್ ಕಾಯುವವಳಾಗಿ ಅಲ್ಲ, ಈಜುವವಳಾಗಿ. ಅದಕ್ಕೆಂದೇ ಗಾಢ ನೀಲಿ ಬಣ್ಣದ, ಮೊಣಕಾಲವರೆಗೆ ಬರುವ ಮರ್ಯಾದಸ್ಥ ಈಜುಡುಗೆಯೊಂದನ್ನು ಕೊಂಡಿದ್ದೆ.

ನನಗೊಂದು ವೃತ್ತಿರೋಗವಿದೆ. ಯಾವ ವಸ್ತುವನ್ನೂ ಬರಿಮೈಯಲ್ಲಿ ರವಾನಿಸಲಾರೆ. ಈಜುಡುಗೆಯನ್ನು ಟವೆಲಿನಲ್ಲಿ ಸುತ್ತಿ, ಹಿಚುಕಿ ನೋಡಿದರೂ ಏನೆಂದು ತಿಳಿಯದ ಹಾಗೆ ಹಳೇ ಚೌಕುಳಿ ದಿಂಬಿನ ಕವರಿನಲ್ಲಿ ಹಾಕಿ, ಗೋದಾಮಿನ ಟೇಪು ಬಿಗಿದು, ಬ್ಯಾಗಿನ ತಳಕ್ಕಿಟ್ಟೆ.

ಇನ್ನು ಉಳಿದ ಮೂರು ಬ್ಯಾಗುಗಳ ಕಥೆ. ದ್ವೀಪ ಒಂದೇ ಆದರೂ ಹವೆ ನಾಲ್ಕು ಬಗೆ ಎಂದು ಪ್ರವಾಸದ ಕಂಪನಿಯವನು ಫೋನಿನಲ್ಲಿ ಬಿಡಿಸಿ ಹೇಳಿದ್ದ. ಮೊದಲು ಬೆಟ್ಟದ ತುದಿ, ಅಲ್ಲಿ ಮಾತಾಡಿದರೆ ಬಾಯಿಂದ ಹೊಗೆ. ನಡುವೆ ಕಾಡು, ಮಧ್ಯಾಹ್ನವಾದರೆ ಮಳೆ ಗ್ಯಾರಂಟಿ. ಕೆಳಗೆ ಕಡಲ ತೀರ, ಮರಳು ಕಾದ ಬಾಣಲೆ. ಕೊನೆಯ ಸಂಜೆ ಹಡಗಿನಲ್ಲಿ ಊಟ, ಬೂಟು ಬಿಟ್ಟು ಚಪ್ಪಲಿ ಹಾಕಿದವರಿಗೆ ಪ್ರವೇಶವಿಲ್ಲ. ಇಷ್ಟು ಕೇಳಿದ ಮೇಲೂ ಮೇಷ್ಟ್ರು ತುಂಬಿಕೊಂಡದ್ದು ಏನು? ಅರ್ಧ ತೋಳಿನ ಬಿಳಿ ಅಂಗಿಗಳು. ಬರೀ ಅರ್ಧ ತೋಳಿನ ಬಿಳಿ ಅಂಗಿಗಳು! ಎತ್ತರಕ್ಕೆ ಹೋದ ಹಾಗೆ ಉಷ್ಣಾಂಶ ಇಳಿಯುತ್ತದೆ ಎಂದು ವರ್ಷವಿಡೀ ಕರಿಹಲಗೆಯ ಮೇಲೆ ಬೆಟ್ಟ ಬರೆದು ಪಾಠ ಮಾಡುವ ಮನುಷ್ಯ! ನಾನು ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತೆ. ನಾಲಿಗೆ ಕಚ್ಚಿಕೊಂಡೆ. ಮಗಳು ಕೂದಲು ಒಣಗಿಸುವ ಯಂತ್ರ ಇಟ್ಟುಕೊಂಡಳು, ಮಳೆ ಅಂಗಿ ಬಿಟ್ಟಳು. ಇನ್ನೊಂದು ಸಲ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಮಾತ್ರ ಪುಟ್ಟ ಬ್ಯಾಗನ್ನು ಆಸ್ಪತ್ರೆಯ ಮಂಚದಷ್ಟು ಓರಣವಾಗಿ ತುಂಬಿದರು. ಜೊತೆಗೆ ಬೆರಳುದ್ದದ ಒಂದು ಫಿನಾಯಿಲ್ ಬಾಟಲಿ. "ಹೋಟೆಲಿನವರನ್ನ ನಂಬೋಕಾಗುತ್ತಾ?"

ಹೊರಡುವ ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು, ಅತ್ತೆಯ ಕೋಣೆಯ ಬಾಗಿಲ ಹಿಂದಿನ ಮೊಳೆ ನನ್ನ ಕಣ್ಣಿಗೆ ಬೀಳುವವರೆಗೆ. ಅಲ್ಲಿ ಅವರ ಬೂದು ಸ್ವೆಟರು ನೇತಾಡುತ್ತಿತ್ತು.

ಅತ್ತೆಗೆ ಚಳಿಯಾದರೆ ಎದೆ ಕಟ್ಟುತ್ತದೆ, ಉಸಿರು ಸೀಟಿ ಹೊಡೆಯುತ್ತದೆ. ಹೇಳಲೇ? ಹೇಳಿದರೆ ಮಗಳು "ಸೋತೆ!" ಎಂದು ಕುಣಿಯುತ್ತಾಳೆ. ಹೇಳದಿದ್ದರೆ ಬೆಟ್ಟದ ಮೇಲೆ ಡಾಕ್ಟರನ್ನು ಎಲ್ಲಿಂದ ತರಲಿ? ಬಚ್ಚಲಲ್ಲಿ ನೀರಿನ ಸದ್ದು. ಅತ್ತೆ ಸ್ನಾನಕ್ಕೆ ಹೋಗಿದ್ದಾರೆ. ಬ್ಯಾಗು ಮಂಚದ ಮೇಲೆ ಬಾಯಿ ತೆರೆದು ಕೂತಿದೆ. ಕದ್ದು ಇಟ್ಟುಬಿಟ್ಟರೆ? ಸ್ವೆಟರನ್ನು ನನ್ನ ಕೋಣೆಗೆ ಒಯ್ದು ಸುತ್ತಿದೆ. ಯಾವುದರಲ್ಲಿ? ಕೈಗೆ ಸಿಕ್ಕಿದ್ದು ಅದೇ ಜೊತೆಯ ಇನ್ನೊಂದು ಚೌಕುಳಿ ದಿಂಬಿನ ಕವರು. ಟೇಪನ್ನೂ ಬಿಗಿದೆ. ರೋಗ ಎಂದೆನಲ್ಲ!

ಅಷ್ಟರಲ್ಲಿ ಮಗಳು ಒಳಗೆ ನುಗ್ಗಿದಳು. "ಅಮ್ಮಾ, ನನ್ನ ಡ್ರೈಯರ್ ನಿನ್ನ ಬ್ಯಾಗಲ್ಲಿ ಹಾಕ್ಕೋ, ನನ್ನದು ಮುಚ್ಚೋಕಾಗ್ತಿಲ್ಲ!"

"ಅವರವರ ಬ್ಯಾಗು..." ಎನ್ನುವಷ್ಟರಲ್ಲಿ ಅವಳು ನನ್ನ ಬ್ಯಾಗನ್ನು ಮಗುಚಿ, ತಳದಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದು, ಡ್ರೈಯರ್ ತುರುಕಿ ಮಾಯವಾದಳು. ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. "ಬಂದ್ಯಾ?" ಎಂದು ಮೇಷ್ಟ್ರು ಕೂಗಿದರು. ಬಚ್ಚಲಲ್ಲಿ ನೀರು ನಿಂತಿತು. ಚಿಲಕ ಸರಿಯಿತು!

ಕೈಗೆ ಬಂದ ಗಂಟನ್ನು ಎತ್ತಿಕೊಂಡು ಓಡಿ, ಅತ್ತೆಯ ಬ್ಯಾಗಿನ ತಳಕ್ಕೆ ನೂಕಿ ಹೊರಗೆ ಹಾರಿದೆ. ಅತ್ತೆ ಬಂದರು, ಬ್ಯಾಗಿಗೆ ಬೀಗ ಹಾಕಿದರು, ಬೀಗದ ಕೈಯನ್ನು ಅಂಗಿಯ ಒಳಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡರು. ನಾನು ನನ್ನ ಮಂಚದ ಮೇಲೆ ಉಳಿದಿದ್ದ ಗಂಟನ್ನೂ ಬಟ್ಟೆಗಳನ್ನೂ ನನ್ನ ಬ್ಯಾಗಿಗೆ ತುರುಕಿ ಬೆವರು ಒರೆಸಿಕೊಂಡೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೂವರ ಬ್ಯಾಗುಗಳು ಸಲೀಸಾಗಿ ದಾಟಿದವು. ನನ್ನದು ನಿಂತಿತು. ಸಮವಸ್ತ್ರದ ಹೆಂಗಸು ಒಳಗೆ ಕೈ ಹಾಕಿ, ಹಲ್ಲು ಹಲ್ಲಾದ ಟೇಪ್ ಕಟರನ್ನು ಹೊರಗೆಳೆದಳು.

"ಇದೇನು?"

"ಟೇಪು ಕತ್ತರಿಸೋದು."

"ರಜೆಗೆ ಹೋಗ್ತಿದ್ದೀರಾ, ಕೆಲಸಕ್ಕೆ ಹೋಗ್ತಿದ್ದೀರಾ?"

ಗೃಹಿಣಿಯರಿಗೆ ಎರಡೂ ಒಂದೇ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಏಕೆಂದರೆ ಅವಳ ಇನ್ನೊಂದು ಕೈಯಲ್ಲಿ ಚೌಕುಳಿ ದಿಂಬಿನ ಕವರು ಬಂದಿತ್ತು.

"ಇದರಲ್ಲೇನಿದೆ?"

"ಬಟ್ಟೆ."

"ಬಟ್ಟೆಗೆ ಇಷ್ಟು ಟೇಪಾ? ಬಿಚ್ಚಿ."

ನನ್ನ ಬೆನ್ನ ಹಿಂದೆ ಅತ್ತೆ ಕತ್ತು ಚಾಚಿದರು. "ಏನೇ ಅದು?"

"ಏನಿಲ್ಲ ಅತ್ತೆ, ನೀವು ಮುಂದೆ ಹೋಗಿ ಕೂತ್ಕೊಳ್ಳಿ!"

"ನಾನ್ಯಾಕೆ ಕೂತ್ಕೊಳ್ಳಲಿ? ಇವರು ನಿನ್ನನ್ನ ಹಿಡಿದು ನಿಲ್ಲಿಸಿದ್ದಾರೆ."

ಟೇಪು ಪರ್‌ರ್ ಎಂದು ಬಿಚ್ಚಿಕೊಂಡಿತು. ಸರತಿ ಸಾಲು ಪೂರ್ತಿ ಇಣುಕುತ್ತಿತ್ತು. ಈಗ ನೀಲಿ ಬಣ್ಣ ಹೊರಬರುತ್ತದೆ, ಆಮೇಲೆ ಆ "ಹ್ಞೂಂ" ಹೊರಬರುತ್ತದೆ. ನಾನು ಕಣ್ಣು ಮುಚ್ಚಿದೆ.

"ನನ್ನ ಸ್ವೆಟರು!" ಎಂದರು ಅತ್ತೆ.

ಕಣ್ಣು ತೆರೆದೆ. ಬೂದು ಸ್ವೆಟರು!

"ಸೋತೆ! ಅಮ್ಮ ಸೋತಳು!" ಎಂದು ಮಗಳು ಚಪ್ಪಾಳೆ ತಟ್ಟಿದಳು. "ನನಗೆ ಚಳಿಯಾದೀತು ಅಂತ ಹೊತ್ಕೊಂಡು ಬಂದ್ಯಾ?" ಎಂದು ಅತ್ತೆ ಮೆತ್ತಗೆ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಬದುಕಿದೆ ಎಂದು ಬಿಟ್ಟ ಉಸಿರು ಅರ್ಧದಲ್ಲೇ ಸಿಕ್ಕಿಕೊಂಡಿತು. ಸ್ವೆಟರು ಇಲ್ಲಿದ್ದರೆ, ಅದು ಎಲ್ಲಿದೆ?

ಅತ್ತೆಯ ಬ್ಯಾಗಿನಲ್ಲಿದೆ! ಬೀಗದ ಒಳಗಿದೆ! ಸುತ್ತಿದ ಮೇಲೆ ಚೀಟಿ ಅಂಟಿಸದೆ ಕೈಬಿಡಬೇಡಿ ಎಂದು ಗೋದಾಮಿನ ಹುಡುಗಿಯರ ಮೇಲೆ ದಿನಾ ಕಿರುಚುವವಳು ನಾನೇ!

ಬೆಟ್ಟದ ಮೇಲೆ ಕಳೆದ ದಿನಗಳನ್ನು ರಜೆ ಎನ್ನುವಿರಾದರೆ ನಿಮ್ಮಿಷ್ಟ. ಮೇಷ್ಟ್ರು ಹೋಟೆಲಿನ ಕಂಬಳಿ ಹೊದ್ದುಕೊಂಡು ಸೂರ್ಯೋದಯ ನೋಡಿದರು. "ಪಾಠ ಚೆನ್ನಾಗಿ ಅರ್ಥ ಆಯ್ತಾ ಮೇಷ್ಟ್ರೇ?" ಎಂದೆ. ಹಲ್ಲುಗಳೇ ಕಟಕಟ ಎಂದು ಉತ್ತರ ಕೊಟ್ಟವು. ಆಶ್ಚರ್ಯವೆಂದರೆ, ನಾನು ಸ್ವೆಟರ್ ಇಡದಿದ್ದರೂ ಮನುಷ್ಯ ಸಾಯಲಿಲ್ಲ! ಕಾಡಿನಲ್ಲಿ ಮಗಳು ನೆನೆದಳು, ಹೋಟೆಲಿನವರನ್ನು ಕೇಳಿ ಕೊಡೆ ತಂದುಕೊಂಡಳು. ಅವಳೂ ಬದುಕಿದಳು. ಇಷ್ಟು ವರ್ಷ ನಾನು ಯಾಕೆ ಹೊತ್ತೆ ಎಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಕಣ್ಣೆಲ್ಲ ಆ ಪುಟ್ಟ ಬ್ಯಾಗಿನ ಮೇಲೆ.

ಅತ್ತೆ ಬೀಗ ತೆಗೆಯುವಾಗ ನಮಗೆ ಬೆನ್ನು ಹಾಕುತ್ತಿದ್ದರು, ಬೇಕಾದ್ದು ತೆಗೆದು ಮತ್ತೆ ಬೀಗ. ನೋಡಿದರೋ? ನೋಡಿಲ್ಲವೋ? ಮುಖ ನೋಡಿದರೆ ಗೋಡೆ. ಒಂದು ಸಂಜೆ ಬೀಗ ತೆಗೆದಿಟ್ಟು ಕಿಟಕಿಯ ಬಳಿ ನಿಂತಿದ್ದರು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬ್ಯಾಗಿಗೆ ಕೈ ಹಾಕಿದೆ.

"ಏನೇ ಹುಡುಕ್ತಿದ್ದೀಯ?"

ಕೈ ಒಂದು ಬಾಟಲಿಗೆ ತಗುಲಿತು. "ಫಿನಾಯಿಲ್ ಅತ್ತೆ!"

"ಯಾಕೆ?"

"ಬಾತ್‌ರೂಮು... ಯಾಕೋ ಸರಿಯಿಲ್ಲ."

"ನೋಡು, ನಾನು ಮೊದಲೇ ಹೇಳಲಿಲ್ವಾ? ತಗೋ. ಮೂಲೆ ಮೂಲೆ ಉಜ್ಜು."

ಹೀಗೆ ನಾನು ರಜೆಯಲ್ಲಿ, ಹೋಟೆಲಿನ ಬಾತ್‌ರೂಮನ್ನು, ಅತ್ತೆಯ ಮೇಲ್ವಿಚಾರಣೆಯಲ್ಲಿ, ಮಂಡಿಯೂರಿ ತೊಳೆದೆ. ಪ್ರತಿಜ್ಞೆ ಮಾಡಿದ ಸೌಟು ನೆನಪಾಗಿ ಕಣ್ಣಲ್ಲಿ ನೀರು ಬಂತು. ಫಿನಾಯಿಲಿನದೂ ಇರಬಹುದು.

ಕೊನೆಗೆ ಕಡಲ ತೀರಕ್ಕೆ ಇಳಿದೆವು. ಬೆಳಿಗ್ಗೆ. ಬಿಸಿಲು ಇನ್ನೂ ಎಳೆಯದು, ನೀರು ಹೊಳೆಯುತ್ತಿತ್ತು, ಅಲೆ ಮೆಲ್ಲಗೆ ಬಂದು ಕರೆದು ಹೋಗುತ್ತಿತ್ತು. ಉಳಿದ ಬಟ್ಟೆಯೆಲ್ಲ ಕೊಳೆಯಾಗಿ, ನಾನು ಹಡಗಿನ ಊಟಕ್ಕೆಂದು ತಂದ ಉದ್ದ ತೋಳಿನ ಉಡುಪಿನಲ್ಲಿ, ನಾಲ್ಕು ಬ್ಯಾಗುಗಳ ನಡುವೆ ಕೂತಿದ್ದೆ. ಯಾರೂ ಕೂರಿಸಲಿಲ್ಲ. ಬ್ಯಾಗುಗಳು ಬಂದು ನನ್ನ ಸುತ್ತ ಕೂತವು, ಅಷ್ಟೇ. ಮೇಷ್ಟ್ರು ಪಂಚೇಂದ್ರಿಯಗಳನ್ನೂ ಟೋಪಿಯ ಕೆಳಗೆ ಮುಚ್ಚಿ ಮಲಗಿದ್ದರು. ಇಷ್ಟು ಕಲಿತು, ಇಷ್ಟು ದೂರ ಬಂದು, ಸಮುದ್ರದ ಮುಂದೆ ಕೂತು ಟವೆಲ್ ಕಾಯುವುದೇ ನನ್ನ ಹಣೆಬರಹವೇ?

"ಅಮ್ಮಾ!" ಮಗಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅಜ್ಜೀನ ನೋಡು!"

ಬಟ್ಟೆ ಬದಲಾಯಿಸುವ ಕೋಣೆಯಿಂದ ಅತ್ತೆ ಬರುತ್ತಿದ್ದರು. ಗಾಢ ನೀಲಿ. ಮೊಣಕಾಲವರೆಗೆ. ನನ್ನ ಅಂಗಿಗಳು ಅವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಆಗುತ್ತವೆಂದು ನನಗೆ ಗೊತ್ತಿತ್ತು. ಇದೂ ಆಗಿತ್ತು! ವಾರ್ಡಿಗೆ ಬರುವ ಗತ್ತಿನಲ್ಲೇ ಮರಳ ಮೇಲೆ ನಡೆದು ಬಂದು ನನ್ನೆದುರು ನಿಂತರು. ಮುಖ ಕೆಂಪಾಗಿತ್ತು.

"ಹುಚ್ಚಿ," ಎಂದರು. "ಗಂಟು ನೋಡಿದ ದಿನದಿಂದ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಮದುವೆಗೆ ಮುಂಚೆ ನಾನು ಹೊಳೆ ದಾಟಿ ಶಾಲೆಗೆ ಹೋಗ್ತಿದ್ದವಳು. ಆಮೇಲೆ ಮೈ ನೆನೆಸಿದ್ದು ಬಚ್ಚಲಲ್ಲೇ. ಟಿ.ವಿ.ಯಲ್ಲಿ ಆ ಹುಡುಗೀರು ಧುಮುಕೋದು ನೋಡಿದಾಗಲೆಲ್ಲ ಹೊಟ್ಟೆ ಉರೀತಿತ್ತು. ನೀನು ಬೇರೆ ಚಾನೆಲ್ ಬದಲಾಯಿಸಿಬಿಡ್ತಿದ್ದೆ! ಹೆತ್ತ ಮಗನಿಗೇ ಹೊಳೀಲಿಲ್ಲ. ನಿನಗೆ ಹೇಗೆ ಗೊತ್ತಾಯ್ತೇ?"

"ಹಾಗೇ... ಗೊತ್ತಾಯ್ತು ಅತ್ತೆ," ಎಂದೆ.

ಅತ್ತೆ ನೀರಿಗಿಳಿದರು. ಒಂದು ಅಲೆಯ ಕೆಳಗೆ ನುಸುಳಿ ಅದರಾಚೆ ಎದ್ದರು. "ಬಾರೇ!" ಎಂದು ಕೂಗಿದರು.

"ಬಟ್ಟೆ ತಂದಿಲ್ಲ ಅತ್ತೆ!"

"ಊರಿಗೆಲ್ಲ ಪ್ಯಾಕ್ ಮಾಡೋಳು, ನಿನಗೊಂದು ತಂದ್ಕೋಬಾರದಾ?"

ಅದು ಚುಚ್ಚಿತು ನೋಡಿ! ಎದ್ದೆ. ಮೇಷ್ಟ್ರ ಬ್ಯಾಗಿನಿಂದ ಅರ್ಧ ತೋಳಿನ ಬಿಳಿ ಅಂಗಿಯೊಂದನ್ನು ಎಳೆದುಕೊಂಡೆ. ಮಗಳ ಚಡ್ಡಿಯನ್ನೂ ಸೇರಿಸಿಕೊಂಡು ಬಟ್ಟೆ ಬದಲಾಯಿಸುವ ಕೋಣೆಗೆ ಓಡಿದೆ. ಹಿಂದಿರುಗಿ ಬರುವಾಗ ಮೇಷ್ಟ್ರು ಟೋಪಿ ಎತ್ತಿ, "ಏ, ಎಲ್ಲಿಗೆ? ಅದು ನನ್ನ ಅಂಗಿ! ಬ್ಯಾಗು ಯಾರು ನೋಡ್ಕೋತಾರೆ?" ಎಂದರು.

"ಎರಡು ಕಣ್ಣಿದೆಯಲ್ಲ, ನೀವೇ ನೋಡ್ಕೊಳ್ಳಿ!" ಎಂದು ಸಮುದ್ರಕ್ಕೆ ಬಿದ್ದೆ.

ಉಪ್ಪು! ಈಜುಕೊಳದಲ್ಲಿ ಯಾರೂ ಉಪ್ಪಿನ ಬಗ್ಗೆ ಹೇಳಿರಲಿಲ್ಲ. ಮೇಷ್ಟ್ರ ಅಂಗಿ ಬೆಲೂನಿನ ಹಾಗೆ ಉಬ್ಬಿ ಕತ್ತಿಗೆ ಬಂತು. ಆದರೂ ಕೈ ಬೀಸಿದೆ, ಕಾಲು ಬಡಿದೆ, ಉಸಿರು ಬಿಟ್ಟೆ, ಉಸಿರೆಳೆದೆ. ತೇಲುತ್ತಿದ್ದೆ! ಅಲೆ ನನ್ನನ್ನು ಎತ್ತಿ, ತೊಟ್ಟಿಲ ಹಾಗೆ ತೂಗಿ, ಅತ್ತೆಯ ಪಕ್ಕಕ್ಕೇ ತಂದು ಬಿಟ್ಟಿತು.

ಅತ್ತೆ ನನ್ನ ಕೈ ಬೀಸುವ ರೀತಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಒದ್ದೆ ತಲೆಯನ್ನು. ಆಮೇಲೆ ತಮ್ಮ ಮೈಮೇಲಿನ ನೀಲಿ ಬಟ್ಟೆಯನ್ನು. ಮತ್ತೆ ನನ್ನ ತಲೆಯನ್ನು.

"ಹ್ಞೂಂ," ಎಂದರು. "ಸ್ಟಾಕ್ ಲೆಕ್ಕ ಚೆನ್ನಾಗೇ ಕಲ್ತಿದ್ದೀಯ!"

ನಾನು ಅರ್ಧ ಸಮುದ್ರ ಕುಡಿದೆ. ಕೆಮ್ಮಿ ಕೆಮ್ಮಿ, "ಅತ್ತೆ, ಅದು... ನಿಜ ಹೇಳಬೇಕಂದ್ರೆ, ಆ ಗಂಟು..." ಎಂದು ತೊದಲಿದೆ.

"ಮುಚ್ಚು ಬಾಯಿ, ಉಪ್ಪುನೀರು ಹೋಗುತ್ತೆ," ಎಂದರು ಅತ್ತೆ, ಅಂಗಾತ ಮಲಗಿ ಆರಾಮವಾಗಿ ತೇಲುತ್ತಾ. "ನಿಮ್ಮ ಗೋದಾಮಿನ ನಿಯಮ ನೀನೇ ಹೇಳಿದ್ದಲ್ವಾ? ಒಮ್ಮೆ ಗೇಟು ದಾಟಿದ ಮಾಲು ವಾಪಸ್ ತಗೊಳ್ಳೋದಿಲ್ಲ!"