ಗಂಟಿ ಹತ್ರ ಕೂಡೋ ಕೂಸು

ಸಣ್ಣ ಹುಡುಗರು ಇದ್ದಲ್ಲೆ ನಗೋ ಸಂಗತಿ ಆಗೂವ. ನಡುವ ಶಾಣ್ಯಾ ಮಂದಿ ಬಂದು ಕುಂತ್ರಂತೂ ದಿನಕ್ಕ ಎರಡ ಆಗ್ತಾವ.

ನಾ ಪುಣೆದಾಗ ಸದಾಶಿವ ಪೇಠದ ಒಂದ ಹಳೇ ವಾಡೇದ ಮನಿಯೊಳಗಿನ ಬಾಲವರ್ಗಕ್ಕ ಶಿಪಾಯಿ ಇದ್ದೆ. ಕಲ್ತದ್ದು ಎರಡನೇ ಇಯತ್ತೆ, ಅದೂ ಅರ್ಧ. ಆದ್ರ ಸಾಲಿ ನಡೀತಿದ್ದದ್ದು ನನ್ನ ಗಂಟಿ ಮ್ಯಾಲೆ. ನಾ ಹೊಡೀಲಿಲ್ಲಂದ್ರ ಆ ಪೇಠದಾಗ ಹನ್ನೊಂದ ಆಗ್ತಿರ್ಲಿಲ್ಲ.

ಊರು ಧಾರವಾಡ ಕಡೆ. ಹೆಂಡ್ತಿ ಪ್ಲೇಗಿನಾಗ ಹೋದ ಮ್ಯಾಲೆ ಮನಿಯೊಳಗ ಕನ್ನಡ ನಿಂತ ಹೋತು. ಹೊರಗ ಎಲ್ಲಾ ಮರಾಠಿ, ನಾನೂ ಫಡಾಫಡ್ ಮಾತಾಡ್ತಿದ್ದೆ. ಸಂಜಿಕ ರೊಟ್ಟಿ ಬಡೀವಾಗ ಹಂಚಿನ ಜೋಡಿ ಕನ್ನಡ ಮಾತಾಡೂದು. ಹೆಂಡ್ತಿನೂ ಭಾಳ ಮಾತಿನಾಕಿ ಅಲ್ಲ ಬಿಡ್ರಿ. ಆದ್ರ ಆಕಿ ಸುಮ್ಮನ ಕುಂತ್ರೂ ಕನ್ನಡದಾಗ ಸುಮ್ಮನ ಕುಂತಂಗ ಇರ್ತಿತ್ತು.

೧. ರೋಗ

ಎರಡನೇ ಯುದ್ಧಕ್ಕ ಇನ್ನಾ ಒಂದೆರಡ ವರ್ಷ ಇತ್ತು. ಹೊಸಾ ಬಾಯಿ, ಅಂದ್ರ ಹೆಣ್ಣ ಮಾಸ್ತರು, ಒಬ್ಬಾಕಿ ಕಲಿಸಾಕ ಬಂದ್ಲು. ಮುಂಬಯಿಯೊಳಗ ಹುಡುಗರ ಮನಸಿನ ಶಾಸ್ತ್ರ ಓದಿದಾಕಿ. ಬಡಿಯಂಗಿಲ್ಲ, ಬಯ್ಯಂಗಿಲ್ಲ, ಕೈಯಾಗೊಂದು ವಹಿ ಹಿಡಕೊಂಡು ಬರಕೋತ ಕೂಡೂದು.

"ಕಾಕಾ, ಕೂಸು ಹೇಳಿದ್ದು ಕಲಿಯಂಗಿಲ್ಲ, ನೋಡಿದ್ದು ಕಲಿತದ," ಅಂದ್ಲು.

"ಇದಕ್ಕ ಮುಂಬಯಿಗ್ಯಾಕ ಹೋಗಿದ್ರಿ ಬಾಯಿ? ನನ್ನ ಕೇಳಿದ್ರ ಇಲ್ಲೇ ಹೇಳ್ತಿದ್ದೆ," ಅಂದೆ.

ಒಂದ ತಿಂಗಳದಾಗ ಹುಡುಗರ ಅಪ್ಪಂದಿರು ಬರಾಕ ಹತ್ತಿದ್ರು. ಮಕ್ಳು ಮನಿಯೊಳಗ ಎಡಗಾಲ ಎಳದು ನಡೀತಾವಂತ. ಒಬ್ಬಂವ ಎಣ್ಣಿ ಹಚ್ಚಿ ತಿಕ್ಕಿದ್ದ, ಒಬ್ಬಂವ ಮಾರುತಿಗೆ ಹರಕಿ ಹೊತ್ತಿದ್ದ. ಪ್ಲೇಗ್ ನೋಡಿದ ಊರು, ಮಂದಿಗೆ ಅಂಜಿಕಿ. ಹೆಡ್ ಮಾಸ್ತರ್ ಡಾಕ್ಟರನ್ನ ಕರಸಿದ್ರು. ಡಾಕ್ಟರ್ ಹನ್ನೆರಡೂ ಹುಡುಗರ ಮೊಣಕಾಲಿಗೆ ತಟ್ಟಿ ನೋಡಿದ್ರು, ಏನೂ ತಿಳೀಲಿಲ್ಲ. ಬಾಯಾರಿ ನೀರ ಕೇಳಿದ್ರು.

ನಾ ತಾಂಬ್ಯಾ ಹಿಡಕೊಂಡು ಹೋದೆ. ನನ್ನ ಎಡಗಾಲ ಮ್ಯಾಲೆ ಹಿಂದೊಮ್ಮೆ ಟಾಂಗಾದ ಗಾಲಿ ಹಾದಿತ್ತು, ಅವತ್ತಿಂದ ಎಳದ ನಡೀತೀನಿ. ಡಾಕ್ಟರ್ ನನ್ನ ನೋಡಿದ್ರು, ಹುಡುಗರನ್ನ ನೋಡಿದ್ರು, ಚೀಲ ಮುಚ್ಚಿದ್ರು.

"ರೋಗ ಸಿಕ್ತು ಮಾಸ್ತರ್," ಅಂದ್ರು. "ನೀರ ತಗೊಂಡ ಬಂದದ."

೨. ಎಲ್ಲಾರೂ ಹೊಂಟ್ರು

ಒಂದ ದಿನ ಮಧ್ಯಾಹ್ನ ಉಂಡು ಗ್ವಾಡಿಗೆ ಒರಗಿ ಕುಂತಂವ ಕಣ್ಣ ಮುಚ್ಚಿದೆ. ಧಡಕ್ಕನೆ ಎಚ್ಚರಾಗಿ, ತಡಾ ಆತಂತ ತಿಳದು ಸಾಲಿ ಬಿಡೋ ಗಂಟಿ ಹೊಡದೆ. ಇನ್ನಾ ಒಂದ ತಾಸು ಇತ್ತು.

ಹುಡುಗರು ಎದ್ರು. ಹುಡುಗರು ಎದ್ದದ್ದ ನೋಡಿ ಮಾಸ್ತರಂದಿರು ಎದ್ರು. ಹೆಡ್ ಮಾಸ್ತರರ ಖೋಲ್ಯಾಗ ಗ್ವಾಡಿ ಗಡಿಯಾರ, ಕಿಸೇದಾಗ ಇನ್ನೊಂದ ಗಡಿಯಾರ. ಅವರೂ ಟೊಪಗಿ ಹಾಕ್ಕೊಂಡು ಹೊಂಟ್ರು. ಮರುದಿನ ಕೇಳಿದ್ರ ಮಾಸ್ತರಂದಿರು, "ಹೆಡ್ ಮಾಸ್ತರ್ ಹೊಂಟ್ರಲ್ಲಾ," ಅಂದ್ರು. ಹೆಡ್ ಮಾಸ್ತರ್, "ಇವ್ರೆಲ್ಲಾ ಹೊಂಟ್ರಲ್ಲಾ," ಅಂದ್ರು.

ಆವತ್ತ ಅಂಗಳದಾಗ ಒಂದ ಹುಡುಗಿ ಉಳದಿತ್ತು. ಐದ ವರ್ಷದ್ದು, ಹೊಸದಾಗಿ ಬಂದದ್ದು. ಯಾರ ಜೋಡಿನೂ ಒಂದ ಮಾತಿಲ್ಲ. ಮಂದ ಅದ ಅಂತ ಹೆಡ್ ಮಾಸ್ತರ್ ಅಂದಿದ್ರು.

ಮರಾಠಿಯೊಳಗ, "ಮನಿಗೆ ಹೋಗಂಗಿಲ್ಲೇನ?" ಅಂತ ಕೇಳಿದೆ. ತುಳಸಿ ಕಟ್ಟಿ ನೋಡ್ಕೋತ ಕುಂತಿತ್ತು. ಬ್ಯಾಸತ್ತು, "ಎಂಥಾ ಕೂಸಪ್ಪಾ ಇದು," ಅಂತ ನನ್ನಷ್ಟಕ್ಕ ಕನ್ನಡದಾಗ ಅಂದೆ.

ಆ ಹುಡುಗಿ ನನ್ನ ಕಡೆ ತಿರುಗಿ, "ಅಜ್ಜಾ, ಬಿಸಲು ತುಳಸಿ ಕಟ್ಟಿಗೆ ಬಂದ್ರ ಅಪ್ಪಾ ಬರ್ತಾನ. ಇನ್ನಾ ಬಂದಿಲ್ಲ. ನೀ ಯಾಕ ಗಂಟಿ ಹೊಡದಿ?" ಅಂತು.

ಬೆಳಗಾವಿ ಕಡೆ ಗುಮಾಸ್ತರ ಮಗಳು. ಹೆಂಡ್ತಿ ಹೋಗಿ ಇಪ್ಪತ್ತ ವರ್ಷ ಆದ ಮ್ಯಾಲೆ ನನಗ ಕನ್ನಡದಾಗ ಒಬ್ರು ಬಯ್ದಿದ್ರು. ಇನ್ನಷ್ಟ ಬಯ್ಯಲಿ ಅಂತ ಬಾಜೂಕ ಕುಂತೆ.

೩. ಬತ್ತಾಸು

ಅವತ್ತಿಂದ ಆ ಹುಡುಗಿ ಆಟದ ಹೊತ್ತಿನ್ಯಾಗ ಬಂದು ಗಂಟಿ ಬುಡಕ ನನ್ನ ಜೋಡಿ ಕೂಡೂದು. ಅವರ ಮನಿ ಬೆಕ್ಕಿನ ಸುದ್ದಿ, ಅವರವ್ವನ ಸುದ್ದಿ, ಮಾತಿಗೆ ಕಡೀನ ಇಲ್ಲ. ನಾ ಯಾರಿಗೂ ಹೇಳ್ಲಿಲ್ಲ. ಹೇಳಿದ್ರ ಬಾಯಿ ಆಕೀನ್ನ ಮರಾಠಿ ಹುಡುಗರೊಳಗ ಕೂಡಿಸ್ತಿದ್ಲು, ನಾ ಮತ್ತ ಹಂಚಿನ ಜೋಡಿ ಮಾತಾಡಬೇಕಾಗ್ತಿತ್ತು.

ಬಾಯಿ ಆಕೀನ್ನ ಮಾತಾಡಸಾಕ ಒಂದ ಯುಕ್ತಿ ಮಾಡಿದ್ಲು. ಛಲೋ ಮಾಡಿದ ಕೂಸಿಗೆ ಏನರೆ ಕೊಟ್ರ ಮತ್ತ ಮಾಡ್ತದಂತ, ಅದೂ ಶಾಸ್ತ್ರದಾಗ ಅದ. ಹುಡುಗಿ ಮುಂದ ಬತ್ತಾಸು ಹಿಡದು, "ಒಂದ ಮಾತಾಡು ರಾಣಿ," ಅಂದ್ಲು. ಇಲ್ಲ. ಕೂಸಿನ ಮಾರಿ ನೋಡಿ ಹಂಗ ಕೊಟ್ಬಿಟ್ಲು. ನಾಕ ದಿನಾ ಹಂಗ ನಡೀತು.

ಐದನೇ ದಿನ ಬಾಯಿ ಹಾಜರಿ ಕರದ್ರ ಒಂದೂ ಹುಡುಗ ಓ ಅನ್ನಲಿಲ್ಲ. ಹನ್ನೆರಡೂ ಬಾಯಿ ಮುಚ್ಕೊಂಡು, ಕೈ ಚಾಚಿ ಕುಂತಿದ್ವು.

೪. ನಾಕನೇ ಮೆಟ್ಲ

ಈಗ ಹೇಳೋದ ಆದ ಮ್ಯಾಲೆ ಆ ಹುಡುಗಿ ನನ್ನ ಕಡೆ ಬರೂದು ಭಾಳ ಕಮ್ಮಿ ಆತು. ಇದನ್ನ ಮೊದ್ಲ ಹೇಳಿಬಿಡ್ತೀನಿ, ಕಡೀಕ ಹೇಳಿದ್ರ ನಗಿ ಕೆಡ್ತದ.

ಹೆಡ್ ಮಾಸ್ತರ್ ಹೇಳಿದ್ರು, ದಸರಾದೊಳಗ ಹುಡುಗಿ ಬಾಯಿ ಬಿಡಲಿಲ್ಲಂದ್ರ ಹೆಸರ ತಗೀತೀನಂತ. ಸುಮ್ಮನಿದ್ರ ಹುಡುಗಿ ಮನಿಗೆ ಹೋಗ್ತದ, ಹೇಳಿದ್ರ ಹುಡುಗರ ಕಡೆ ಹೋಗ್ತದ. ಎರಡೂ ಕಡೆ ನಂದ ಲುಕ್ಸಾನ. ಎರಡ ದಿನಾ ವಿಚಾರ ಮಾಡಿ, ಹುಡುಗಿ ಕನ್ನಡದಾಕಿ ಅಂತ ಬಾಯಿಗೆ ಹೋಗಿ ಹೇಳಿದೆ.

ಬಾಯಿ ಸಿಟ್ಟಾಗಲಿಲ್ಲ. "ಕಾಕಾ, ಕೂಸು ಆಟಕ್ಕ ನಾಕ ಮೆಟ್ಲ ಹತ್ತಿ ಬರ್ತದ. ಮೊದ್ಲ ಒಂದೇ ಆಡ್ತದ. ಆಮ್ಯಾಲೆ ದೂರ ನಿಂತು ಮಂದಿ ಆಟ ನೋಡ್ತದ. ಆಮ್ಯಾಲೆ ಬಾಜೂಕ ಕುಂತು ತನ್ನದ ತಾ ಆಡ್ತದ. ಕಡೀಕ ಕೂಡಿ ಆಡ್ತದ," ಅಂದ್ಲು. ವಹಿ ತಗದು ಓದಿದ್ಲು: "ಗಂಟಿ ಹತ್ರ ಕೂಡ್ತದ. ದೂರಿಂದ ನೋಡ್ತದ. ಯಾರರೆ ಕರದ್ರ ಕೆಲಸ ಅದ ಅಂತ ನೆವ ಹೇಳ್ತದ."

ಪಾಪ ಕೂಸು ಅನಿಸ್ತು ನನಗ.

ಹುಡುಗಿಗೆ ಒಂದ ಮಾತು ಕಲಿಸಿದೆ: "ಮಲಾ ಪಣ ಘ್ಯಾ." ನನ್ನನ್ನೂ ಕೂಡಿಸ್ಕೊಳ್ರಿ ಅಂತ. ಅಂಗಳದಾಗ ಹುಡುಗರು ಮನಿ ಆಟ ಆಡ್ತಿದ್ರು, ಮಣ್ಣಿನ ಅನ್ನ, ಎಲೀ ಚಪಾತಿ. "ಹೋಗಿ ಕೇಳು," ಅಂದೆ.

"ಮೊದ್ಲ ನೀ ಕೇಳು ಅಜ್ಜಾ," ಅಂತು.

ನೋಡಿದ್ದ ಮಾಡ್ತದ ಕೂಸು, ಶಾಸ್ತ್ರದಾಗ ಅದ. ಹೋದೆ. ಪೈಲ್ವಾನರ ಮುಂದ ಮೀಸಿ ತಿರುವಿದಂವ ನಾ, ಅವತ್ತ ಸಣ್ಣ ಹುಡುಗರ ಮುಂದ ರುಮಾಲ ಸರಿ ಮಾಡ್ಕೊಂಡು ನಿಂತೆ. "ಮಲಾ ಪಣ ಘ್ಯಾ," ಅಂದೆ.

ಹುಡುಗರು ಒಬ್ಬರ ಮಾರಿ ಒಬ್ಬರು ನೋಡಿದ್ರು. "ಸೊಸಿ ಜಾಗಾ ಒಂದ ಖಾಲಿ ಅದ," ಅಂದ ಒಬ್ಬಂವ. ನನ್ನ ರುಮಾಲ ಬಿಚ್ಚಿ ತಲಿ ಮ್ಯಾಲೆ ಸೆರಗ ಹೊಚ್ಚಿದ್ರು. ಹಿಂದ ಸಣ್ಣ ದನಿ ಕೇಳ್ತು, "ಮಲಾ ಪಣ ಘ್ಯಾ." ಹುಡುಗಿ ಅತ್ತಿ ಆದ್ಲು. ಆಗಿದ್ದ ತಡಾ ಇಲ್ಲ, ಸೊಸೀಗೆ ಬಯ್ಯಾಕ ಸುರು. ಅರ್ಧ ಕನ್ನಡ, ಅರ್ಧ ಮರಾಠಿ. ಮರಾಠಿ ಯಾವಾಗ ಕಲ್ತಿತ್ತೋ ದೇವರಿಗೆ ಗೊತ್ತು.

ಅದ ಹೊತ್ತಿಗೆ ತಪಾಸಣಿ ಸಾಹೇಬ್ರು ಬಂದ್ರು, ಹಿಂದ ಹೆಡ್ ಮಾಸ್ತರ್, ಅವರ ಹಿಂದ ಮಾಸ್ತರಂದಿರು. ನಾ ಸೆರಗ ಹೊತ್ಕೊಂಡು, ಮಣ್ಣ ಕಲಸ್ಕೋತ ಕುಂತೀನಿ.

"ಏನಿದು?" ಅಂದ್ರು ಹೆಡ್ ಮಾಸ್ತರ್.

ಬಾಯಿ ಕಟ್ಟಿ ಮ್ಯಾಲೆ ಬರಕೋತ ಕುಂತಿದ್ಲು, ವಹಿಯೊಳಗಿಂದ ತಲಿ ಎತ್ತಲಿಲ್ಲ. "ನಾಕನೇ ಮೆಟ್ಲ ಸರ್."

ಸಾಹೇಬ್ರು ವಹಿ ಇಸ್ಕೊಂಡು ಒಂದ ಹಾಳಿ ಓದಿದ್ರು. "ಗಂಟಿ ಹತ್ರ ಕೂಡ್ತದ, ದೂರಿಂದ ನೋಡ್ತದ, ಕರದ್ರ ನೆವ ಹೇಳ್ತದ. ಯಾವ ಕೂಸು ಇದು?"

ಬಾಯಿ ನನ್ನ ಕಡೆ ಬೊಟ್ಟ ಮಾಡಿದ್ಲು.

ಸಾಹೇಬ್ರು ನನ್ನ ಮೀಸಿ ನೋಡಿದ್ರು. "ವಯಸ್ಸು?"

"ಐವತ್ತಾರು ಸರ್. ತಡಾ ಆಗ್ಯದ, ಆದ್ರ ಈ ವಾರ ಭಾಳ ಸುಧಾರಿಸ್ಯದ," ಅಂದ್ಲು ಬಾಯಿ.

ಅಷ್ಟ್ರಾಗ ನಮ್ಮತ್ತಿ ಸೊಂಟದ ಮ್ಯಾಲೆ ಕೈ ಇಟ್ಟು ಪಕ್ಕಾ ಪುಣೇರಿ ಮರಾಠಿಯೊಳಗ, "ಮನಿಗೆ ಮಂದಿ ಬಂದಾರ, ನೋಡ್ಕೋತ ಕುಂತೀಯಲ್ಲಾ, ಚಹಾ ಕೊಡು," ಅಂದ್ಲು.

ಸಾಹೇಬ್ರಿಗೆ ಖಾಲಿ ಕರಟ ಕೊಟ್ಟೆ, ಉಳದವರಿಗೂ ಒಂದೊಂದ. ಸಾಹೇಬ್ರು ತಿಳದ ಮನಷ್ಯಾ, ಸೊರ್ರ ಅಂತ ಕುಡದಂಗ ಮಾಡಿದ್ರು. ಸಾಹೇಬ್ರು ಕುಡದದ್ದ ನೋಡಿ ಮಾಸ್ತರಂದಿರು ಕುಡದ್ರು. ಎಲ್ಲಾರೂ ಕುಡೀತಾರಂತ ಹೆಡ್ ಮಾಸ್ತರೂ ಕರಟ ಎತ್ತಿದ್ರು. ಆದ್ರ ಅವರ ಕರಟದಾಗ ನಾ ಕಲಸಿದ್ದ ಮಣ್ಣ ನೀರ ಇನ್ನಾ ಹಂಗ ಇತ್ತು.

ಎದುರಿಗೆ ಸಾಹೇಬ್ರು, ಉಗಳೂದು ಹ್ಯಾಂಗ? ಗುಟುಕು ನುಂಗಿದ್ರು.

"ಸಕ್ರಿ ಸ್ವಲ್ಪ ಕಮ್ಮಿ ಆಗ್ಯದ," ಅಂದ್ರು.