ಕಾಶಿಯಲ್ಲಿ ಷೇರು ಬಿಟ್ಟವರು

ಷೇರು ಪೇಟೆಯ ಮೇಲೆ ಸಂಶೋಧನೆ ಮಾಡುವವನು ಕಣ್ಣಿಗೆ ಬಿದ್ದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ: ಯಾವುದು ಕೊಳ್ಳಲಿ, ಯಾವಾಗ ಮಾರಲಿ? ಎರಡಕ್ಕೂ ನನಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದರೆ ಬನಾರಸ್ಸಿನಲ್ಲಿ ಪಾಠ ಹೇಳಿಕೊಂಡು ಯಾಕಿರುತ್ತಿದ್ದೆ?

ಪದೇ ಪದೇ ಕೊಂಡು ಮಾರುವವರಿಗಿಂತ ಸುಮ್ಮನೆ ಕೂತವರಿಗೆ ಲಾಭ ಹೆಚ್ಚೇ ಎಂಬುದು ನನ್ನ ಪ್ರಬಂಧದ ವಿಷಯ. ಸಂಶೋಧನಾ ಪತ್ರಿಕೆಯವರು ಅದನ್ನು ಎರಡು ಸಲ ವಾಪಸು ಕಳಿಸಿದ್ದರು. "ಸುಮ್ಮನೆ ಕೂತವರು ಕನಿಷ್ಠ ಮೂವತ್ತು ಜನ ಬೇಕು" ಅಂತ ಅವರ ಹಟ. ಮೂರನೆಯ ಸಲವೂ ವಾಪಸು ಬಂದರೆ ನನ್ನ ಬಡ್ತಿಗೆ ಎಳ್ಳುನೀರು. ಹಾಗಾಗಿ ಫಾರಂ ಹಿಡಿದು ಕೇದಾರ ಘಾಟಿನ ಕನ್ನಡದವರ ಮನೆ ಮನೆ ಸುತ್ತತೊಡಗಿದೆ.

ಎಷ್ಟು ವರ್ಷಕ್ಕೆ?

ಮೈಸೂರು ಕಡೆಯ ಅಜ್ಜಿಯೊಬ್ಬರು ಕೊನೆಗಾಲಕ್ಕೆಂದು ಕಾಶಿಗೆ ಬಂದಿದ್ದರು. ಯಜಮಾನರು ಬಿಟ್ಟುಹೋದ ಷೇರುಗಳು ಅವರ ಹೆಸರಿನಲ್ಲಿದ್ದವು. ನಾನು ಫಾರಂ ನೋಡಿಕೊಂಡು ಯಾಂತ್ರಿಕವಾಗಿ ಕೇಳಿದೆ: "ಇದನ್ನು ಇನ್ನೂ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿ ಮಾತ್ರ ಬೆರಳು ಮಡಿಸಿ ಎಣಿಸತೊಡಗಿದರು.

"ಇಪ್ಪತ್ತು ಅಂತ ಬರ್ಕೊಳ್ಳಪ್ಪ."

ಬರೆದುಕೊಂಡೆ. ಅಜ್ಜಿ ಬಗ್ಗಿ ನೋಡಿದರು. "ಪೆನ್ನಲ್ಲೇ ಬರೆದೆಯಾ? ಒಳ್ಳೇದಾಯ್ತು. ಇನ್ನು ಯಮ ಬಂದ್ರೂ ಅಳಿಸೋಹಾಗಿಲ್ಲ."

ಮಾರದ್ದು ನಷ್ಟವಲ್ಲ

ಘಾಟಿನ ಮೇಲಿನ ಗಲ್ಲಿಯಲ್ಲಿ ಇಡ್ಲಿ ಹೋಟೆಲಿನವರೊಬ್ಬರಿದ್ದಾರೆ. ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ಷೇರು. ಪೇಟೆ ಬಿದ್ದ ದಿನ ದೋಸೆ ಸೀದಿರುತ್ತದೆ.

"ನನಗೆ ಇವತ್ತಿನವರೆಗೂ ನಷ್ಟವೇ ಆಗಿಲ್ಲ ಸಾರ್" ಅಂದರು. ಫೋನು ಇಸಕೊಂಡು ನೋಡಿದರೆ ಪರದೆ ತುಂಬ ಕೆಂಪು.

"ಇದೇನ್ರೀ ಮತ್ತೆ?"

"ಅದನ್ನ ಮಾರೇ ಇಲ್ವಲ್ಲ ಸಾರ್. ಮಾರದೇ ನಷ್ಟ ಹೇಗಾಗುತ್ತೆ?"

"ಹಾಗಾದ್ರೆ ನಿಮ್ಮ ಇಡ್ಲಿ ಮಾರದೇ ಉಳಿದರೆ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಡ್ಲಿ ಉಳಿದ್ರೆ ಪುಡಿ ಮಾಡಿ ಉಪ್ಪಿಟ್ಟು ಮಾಡ್ತೀನಿ. ಷೇರಿಂದ ಉಪ್ಪಿಟ್ಟು ಮಾಡೋಕಾಗುತ್ತಾ ಸಾರ್? ಓದಿದೋರು ನೀವು!"

ಮೂವತ್ತನೆಯವರು

ಕಾಡಿ ಬೇಡಿ ಸುಮ್ಮನೆ ಕೂತವರನ್ನು ಇಪ್ಪತ್ತೊಂಬತ್ತು ಜನ ಹಿಡಿದೆ. ಇನ್ನೊಬ್ಬರು ಸಿಗಲೊಲ್ಲರು. ಕೊನೆಗೆ ಅಲ್ಲಿನ ಕನ್ನಡ ಮಠದ ಸ್ವಾಮಿಗಳು, "ನಮ್ಮ ಹಿಂದಿನ ಕೋಣೆಯಲ್ಲಿ ವಿಜಯಪುರದ ಮೇಷ್ಟ್ರಿದ್ದಾರೆ, ಕೇಳಿ ನೋಡಿ" ಅಂದರು.

ನಿವೃತ್ತ ಗಣಿತದ ಮೇಷ್ಟ್ರು. ಐದು ವರ್ಷದಿಂದ ಒಂದು ಷೇರೂ ಕೊಂಡಿಲ್ಲ, ಮಾರಿಲ್ಲ. ನನಗೆ ಕುಣಿಯುವುದೊಂದು ಬಾಕಿ.

"ಇಷ್ಟು ಸಂಯಮ ಹೇಗೆ ಬಂತು ಸಾರ್?"

"ಸಂಯಮ ಎಲ್ಲೀದು ಬಂತ್ರೀ! ಕಾಶಿಗೆ ಬಂದವರು ಪ್ರೀತಿದು ಒಂದು ಬಿಡಬೇಕಲ್ಲ? ನಾ ಹಾಗಲಕಾಯಿ ಬಿಡ್ತೀನಿ ಅಂದೆ. ಈ ನನ್ನ ಹೇಣ್ತಿ ಕೇಳಲಿಲ್ಲ. ಗಂಗಿಯೊಳಗ ನಿಂದ್ರಿಸಿ ಷೇರು ಬಿಡಿಸಿದ್ಲು. ಕೊಳ್ಳಂಗಿಲ್ಲ, ಮಾರಂಗಿಲ್ಲ, ಏನಾಗೇದ ಅಂತ ನೋಡಂಗೂ ಇಲ್ಲ."

ಅವರ ಖಾತೆಯ ವಿವರ ನೋಡದೆ ನನ್ನ ಪ್ರಬಂಧ ಮುಗಿಯುವುದಿಲ್ಲ; ಅವರು ತೆರೆದು ತೋರಿಸಹೋದರೆ ವ್ರತ ಮುರಿಯುತ್ತದೆ. ಮೇಷ್ಟ್ರ ಹೆಂಡತಿಯೇ ದಾರಿ ತೋರಿಸಿದರು. "ನೀವು ಆ ಕಡಿ ಮುಖಾ ಮಾಡ್ರಿ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಗಂಗೆಯನ್ನು ನೋಡುತ್ತ ನಿಂತರು. ಅಮ್ಮನವರು ಟ್ರಂಕಿನಿಂದ ಫೋನು ತೆಗೆದು ವಿವರ ತೋರಿಸಿದರು. ನನ್ನ ಉಳಿದ ಇಪ್ಪತ್ತೊಂಬತ್ತು ಜನರಲ್ಲಿ ಇಷ್ಟು ಲಾಭ ಯಾರಿಗೂ ಬಂದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನವರು ತುಟಿಯ ಮೇಲೆ ಬೆರಳಿಟ್ಟರು.

"ಆತೇನ್ರೀ?" ಮೇಷ್ಟ್ರ ಬೆನ್ನು ಕೇಳಿತು.

"ಆತು. ಗಂಗಿ ನೋಡ್ರಿ ಸುಮ್ಮಕ" ಎಂದು ಅಮ್ಮನವರು ಟ್ರಂಕಿಗೆ ಬೀಗ ಹಾಕಿದರು.

ಪ್ರಬಂಧ ಅಚ್ಚಾಯಿತು, ಬಡ್ತಿಯೂ ಬಂತು. ಎಷ್ಟು ಖುಷಿಯಾಗಿತ್ತೆಂದರೆ ಪತ್ರಿಕೆ ಹಿಡಿದು ಮಠಕ್ಕೆ ಓಡಿದೆ. ಮೇಷ್ಟ್ರು ಕನ್ನಡಕ ಏರಿಸಿ, "ಕೊಡ್ರಿ, ಮೊದಲಿಂದ ಕೊನಿತನಕ ಓದ್ತೀನಿ" ಎಂದು ಕೈ ಚಾಚಿದರು. ಅವರ ಲಾಭದ ಲೆಕ್ಕವೂ ಅದರಲ್ಲೇ ಅಚ್ಚಾಗಿತ್ತು; ಒಳಗಿನಿಂದ ಅಮ್ಮನವರು ಕೆಮ್ಮಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು.

ಇಷ್ಟು ವರ್ಷದಲ್ಲಿ ನಾನು ಬರೆದದ್ದನ್ನು ಪೂರ್ತಿ ಓದುತ್ತೇನೆಂದವರು ಅವರೊಬ್ಬರೇ. ಅವರಿಗೇ ಓದುವಂತಿಲ್ಲ!